ಕಾರವಾರದ ನಡುಗಡ್ಡೆಗಳಿಗೆ ಕುಟುಂಬ ಸಮೇತ ಪ್ರವಾಸ

ಗದಗ ಸೀಮೆಯ ಎರೆಭೂಮಿಯಲ್ಲಿ ಹುಟ್ಟಿ ಬೆಳೆದವರಿಗೆ ನೀರೆಂದರೆ ಕೆರೆ, ಬಾವಿ, ಹೆಚ್ಚೆಂದರೆ ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳ. ಅಸುಂಡಿಯಂತಹ ಊರುಗಳಲ್ಲಿ ಮುಪ್ಪಿನವರೆಗೆ ಬಾಳಿಯೂ ಸಮುದ್ರವನ್ನು ಕಾಣದ ಹಿರಿಯರು ಇಲ್ಲದಿಲ್ಲ. ಆದರೆ ಈ ಭೂಮಿಯ ಹತ್ತಿಯು ಅವರ ಮುತ್ತಜ್ಜಂದಿರ ಕಾಲದಲ್ಲಿಯೇ ಸಮುದ್ರವನ್ನು ಕಂಡಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಜಿಲ್ಲೆಯ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರವನ್ನು ಸೇರುತ್ತಿದ್ದುದರಿಂದ ವ್ಯಾಪಾರದಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತಿತು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿದುದರ ಹಿಂದೆಯೂ ಕಾರವಾರವನ್ನು ಹತ್ತಿಯ ಬಂದರವನ್ನಾಗಿ ಮಾಡಬೇಕೆಂಬ ವರ್ತಕರ ಹಂಬಲವಿತ್ತು. ಮುಂದೆ ರೈಲು ಮರ್ಮಗೋವೆಗೆ ಹೋಗಿ ಆ ವ್ಯಾಪಾರವನ್ನು ತನ್ನೊಡನೆ ಒಯ್ದಿತು. ಹತ್ತಿ ಹೋದ ಕಡಲಿನ ಕಡೆಗೆ ಮನೆಮಂದಿ ಹೋಗಿಬರುವುದಾದರೆ ಯಾವಾಗ ಹೋಗಬೇಕು, ಏನನ್ನು ನೋಡಬೇಕು, ಯಾವುದಕ್ಕೆ ಅಂಜಬೇಕು ಎಂಬುದನ್ನು ಮನೆಯಲ್ಲಿ ಕುಳಿತೇ ವಿಚಾರಮಾಡುವುದು ಲೇಸು.

ಕಾರವಾರದ ದಂಡೆಯ ಮೇಲೆ ನಿಂತವರಿಗೆ ನಡುಗಡ್ಡೆಗಳು ನೀರಿನಲ್ಲಿ ತೇಲುವ ಗುಡ್ಡಗಳಂತೆ ತೋರುತ್ತವೆ. ೧೮೮೩ರ ಸುಮಾರಿಗೆ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ತರುಣ ರವೀಂದ್ರನಾಥ ಠಾಕೂರರು ಈ ಕಡಲಿಗೆ ಮನಸೋತರು. ಊರ ಮುಂದಿನ ದಂಡೆಗೆ ಇಂದು ಅವರದೇ ಹೆಸರು. ಆದರೆ ಕಣ್ಣಿಗೆ ಬಿದ್ದ ನಡುಗಡ್ಡೆಗಳಿಗೆಲ್ಲ ಕಾಲಿಡಲು ಬರುವುದಿಲ್ಲ. ಅಂಜದೀವವು ಗೋವೆಗೆ ಸೇರಿದ್ದು, ಈಗ ನೌಕಾಪಡೆಯ ವಶದಲ್ಲಿದೆ; ಅಲ್ಲಿಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ದೀಪಸ್ತಂಭವನ್ನು ಹೊತ್ತ ದೇವಗಡವನ್ನು ದೂರದಿಂದಲೇ ನೋಡಿ ತೃಪ್ತಿಪಡಬಹುದು. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಸೊಗಸೆಲ್ಲ ನೀರಿನ ಕೆಳಗಿದೆ. ಮುಳುಗಿ ಹವಳದ ಬಂಡೆಗಳನ್ನು ನೋಡುವ ಸಾಹಸಿಗರಿಗೆ ಅದು ಸರಿ, ಮೊಣಕಾಲು ನೋವಿನ ಅಜ್ಜಿಗಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು ಶಾಲೆಯ ಮಕ್ಕಳು ನೋಡಲೇಬೇಕಾದವು. ಸುಮಾರು ಎಂಟು ಕೋಟಿ ಎಂಬತ್ತು ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರವು ನಮ್ಮ ನೆಲದಿಂದ ಬೇರ್ಪಡುವ ಕಾಲಕ್ಕೆ ಉಕ್ಕಿಬಂದ ಬೆಂಕಿಯ ರಸವು ತಣ್ಣಗಾಗಿ ಹೀಗೆ ಪಟ್ಟಿ ಪಟ್ಟಿಯಾಗಿ ಸೀಳಿತೆಂದು ಭೂಗರ್ಭಶಾಸ್ತ್ರಜ್ಞರು ಹೇಳುತ್ತಾರೆ. ಆದರೆ ಮಲ್ಪೆಯು ಕಾರವಾರದಿಂದ ಬಹುದೂರ ದಕ್ಷಿಣಕ್ಕಿದೆ. ಮೂರು ದಿನದ ಪ್ರವಾಸದಲ್ಲಿ ಎರಡನ್ನೂ ತುರುಕಿದರೆ ಮೋಟಾರಿನ ಕಿಡಿಕಿಯ ಹೊರತು ಮತ್ತೇನೂ ನೆನಪಿನಲ್ಲಿ ಉಳಿಯದು. ಹೀಗೆ ಸೋಸಿ ನೋಡಿದರೆ ಕಾರವಾರಕ್ಕೆ ಹೋದ ಕುಟುಂಬಕ್ಕೆ ಉಳಿಯುವುದು ನರಸಿಂಹನ ಗುಡಿಯಿರುವ ಕೂರ್ಮಗಡ.

ಇನ್ನು ಕಾಲ. ಹೊತ್ತು ತಿಳಿಯದೆ ನಡುಗಡ್ಡೆಯಲ್ಲಿ ತಳವೂರಿದವರ ಪಾಡನ್ನು ಅಂಜದೀವವೇ ಹೇಳುತ್ತದೆ. ಪೋರ್ತುಗೀಜರು ಮುಂಬಯಿಯನ್ನು ಒಪ್ಪಿಸಲು ತಡಮಾಡಿದ್ದರಿಂದ ೧೬೬೨ರಲ್ಲಿ ಬಂದ ಇಂಗ್ಲಿಷ್ ಸೈನಿಕರು ಅಲ್ಲಿ ಮಳೆಗಾಲಗಳನ್ನು ಕಳೆಯಬೇಕಾಯಿತು. ನಾಲ್ಕು ನೂರರಷ್ಟಿದ್ದವರಲ್ಲಿ ೧೬೬೫ರಲ್ಲಿ ಮುಂಬಯಿಯನ್ನು ಸೇರಿದವರು ನೂರರ ಆಸುಪಾಸು. ಅವರ ಸೇನಾಧಿಪತಿಯೂ ಆ ನಡುಗಡ್ಡೆಯಲ್ಲಿಯೇ ತೀರಿಹೋದನು. ನಮಗೆ ಅಷ್ಟು ದಿನ ನಿಲ್ಲುವ ಪ್ರಸಂಗವಿಲ್ಲವಾದರೂ ಮಳೆಗಾಲದ ಕಡಲು ಅಂದಿನದೇ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ಮೀನಿಗೂ ಹೋಗುವಂತಿಲ್ಲ. ದಾರಿಯೂ ಆಗ ನಂಬತಕ್ಕುದಲ್ಲ: ೨೦೨೪ರ ಜುಲೈ ೧೬ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಕುಸಿದು ಜೀವಗಳನ್ನು ಬಲಿತೆಗೆದುಕೊಂಡಿತು. ಮಕ್ಕಳ ಬೇಸಿಗೆಯ ರಜೆಯಲ್ಲಿ ಬೆವರು ಬಹಳ. ದಸರೆಯ ಹೊತ್ತಿಗೆ ಹಿಂಗಾರಿ ಬಿತ್ತಿಗೆಯ ಗದ್ದಲ. ಒಕ್ಕಲುತನದ ಮನೆಗೆ ಸರಿಯಾದ ಬಿಡುವೆಂದರೆ ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿದ ಮೇಲಿನ ದಿನಗಳು. ಜೋಳ ತೆನೆಯಲ್ಲಿರುವುದರಿಂದ ಹಕ್ಕಿ ಕಾಯಲು ಒಬ್ಬರು, ದನಕರುಗಳಿಗೆ ಒಬ್ಬರು ಹಿಂದೆ ಉಳಿಯಲೇಬೇಕು. ಪ್ರತಿ ಸಲವೂ ಅದು ಮನೆಯ ಸೊಸೆಯ ಪಾಲಿಗೇ ಬಾರದಂತೆ ಯಜಮಾನರು ನೋಡಿಕೊಳ್ಳತಕ್ಕದ್ದು.

ಚರಗದ ಹದಿನೈದು ದಿನಕ್ಕೆ ಪುಷ್ಯ ಹುಣ್ಣಿಮೆ ಬರುತ್ತದೆ. ಕೂರ್ಮಗಡದ ನರಸಿಂಹನ ಜಾತ್ರೆ ಅಂದೇ. ದೇವರ ದರ್ಶನವೂ ಆಯಿತು, ದೋಣಿಯ ಪ್ರಯಾಣವೂ ಆಯಿತು ಎಂದು ಬಯಲುಸೀಮೆಯ ಮನಸ್ಸು ಸಹಜವಾಗಿಯೇ ಆ ದಿನವನ್ನು ಆರಿಸುತ್ತದೆ. ಇಲ್ಲಿಯೇ ನಿಂತು ಯೋಚಿಸಬೇಕು. ೨೦೧೯ರ ಜನವರಿ ೨೧, ಅದೇ ಹುಣ್ಣಿಮೆಯ ದಿನ, ಜಾತ್ರೆಗೆ ಹೋದವರ ದೋಣಿಯೊಂದು ಮಗುಚಿ ೧೬ ಜನರು ತೀರಿಕೊಂಡರು. ಅವರಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯಿಂದ ಬಂದ ಒಂದು ಕುಟುಂಬದವರೂ ಇದ್ದರು, ಎಳೆಯ ಮಕ್ಕಳೂ ಇದ್ದರು. ಈಜು ಬಾರದ, ಕಡಲನ್ನು ಅರಿಯದ, ದೊಡ್ಡವರ ಮಾತಿನ ಮೇಲೆ ದೋಣಿ ಹತ್ತುವ ನಮ್ಮಂತಹ ಮನೆಯೇ ಅದು.

ಆದುದರಿಂದ ಪ್ರವಾಸದ ಬೇರೆಲ್ಲ ಏರ್ಪಾಡಿಗಿಂತ ದೋಣಿಯ ವಿಚಾರವೇ ಮೊದಲು. ಜಾತ್ರೆಯ ದಿನವನ್ನು ಬಿಟ್ಟು ನಾಲ್ಕು ದಿನ ಮುಂಚೆಯೋ ಹಿಂದೆಯೋ ಹೋದರೆ ನರಸಿಂಹನೇನೂ ಮುನಿಯನು. ದೋಣಿಗೆ ಪರವಾನಗಿಯುಂಟೋ, ಎಷ್ಟು ಜನರಿಗೆಂದು ತಾಂಡೇಲನನ್ನು ಕೇಳಿ, ಹತ್ತಿದ ತಲೆಗಳನ್ನು ನೀವೇ ಎಣಿಸಿರಿ; ಹೆಚ್ಚಾಗಿದ್ದರೆ ಕೊಟ್ಟ ಹಣದ ಆಸೆಯನ್ನು ಬಿಟ್ಟು ಇಳಿಯಿರಿ. ಲೈಫ್ ಜಾಕೆಟ್ಟು ಕಾಲಡಿಯಲ್ಲಿ ಬಿದ್ದಿದ್ದರೆ ಸಾಲದು, ಮೈಮೇಲಿರಬೇಕು, ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ನಡುನೀರಿನಲ್ಲಿ ಭಾವಚಿತ್ರಕ್ಕೆಂದು ಎಲ್ಲರೂ ಒಂದೇ ಮಗ್ಗುಲಿಗೆ ಸರಿಯಲಾಗದು. ಮಧ್ಯಾಹ್ನದ ಮೇಲೆ ಕಡಲಗಾಳಿ ಬಲಿಯುವುದರಿಂದ ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ದಂಡೆಗೆ ಮರಳುವಂತೆ ಗೊತ್ತುಮಾಡಿರಿ. ಹವಾಮಾನ ಇಲಾಖೆಯವರು ಮೀನುಗಾರರಿಗೆ ಎಚ್ಚರಿಕೆ ಕೊಟ್ಟ ದಿನ ಅದು ನಮಗೂ ಸೇರಿದ್ದೆಂದು ತಿಳಿಯಿರಿ.

ದಾರಿಯ ಮಾತು ಸ್ವಲ್ಪವೇ. ಗದಗದಿಂದ ಹುಬ್ಬಳ್ಳಿ, ಅಲ್ಲಿಂದ ಯಲ್ಲಾಪುರ, ಅರಬೈಲ ಘಟ್ಟ, ಅಂಕೋಲೆ. ಬೆಳಿಗ್ಗೆ ಹೊರಟವರು ಹೊತ್ತು ಮುಳುಗುವ ಮೊದಲೇ ಕಾರವಾರ ಸೇರುತ್ತಾರೆ. ಹುಬ್ಬಳ್ಳಿ-ಅಂಕೋಲೆ ರೈಲಿನ ಮಾತು ಹಳೆಯದಾದರೂ ಹಳಿ ಇನ್ನೂ ಕಡಲನ್ನು ಮುಟ್ಟಿಲ್ಲ. ರೈಲೇ ಬೇಕೆನ್ನುವವರು ದೂಧಸಾಗರದ ಮೇಲಿಂದ ಮಡಗಾಂವಕ್ಕೆ ಹೋಗಿ ಗಾಡಿ ಬದಲಿಸಬೇಕು. ಘಟ್ಟದ ತಿರುವುಗಳಲ್ಲಿ ಮಕ್ಕಳಿಗೆ ಹೊಟ್ಟೆ ತೊಳಸುವುದರಿಂದ ಹುಬ್ಬಳ್ಳಿಯಲ್ಲಿ ಮಿತವಾಗಿ ಉಣಿಸಿರಿ. ಕಟಕರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯಿದ್ದರೆ ಮೀನಿನ ಊರಿನಲ್ಲಿ ಸಸ್ಯಾಹಾರಿ ಹಿರಿಯರು ಪೇಚಾಡಬೇಕಾಗಿಲ್ಲ.

ಇಷ್ಟೆಲ್ಲ ಮಾಡಿಯೂ ಗಾಳಿಯೆದ್ದು ದೋಣಿ ಹೊರಡದಿದ್ದರೆ ಮಕ್ಕಳ ಮೋರೆ ಸಣ್ಣದಾಗುವುದು ನಿಜ. ಆಗ ಕಾಳೀ ನದಿಯ ಸೇತುವೆಯನ್ನು ದಾಟಿ ಸದಾಶಿವಗಡದ ಗುಡ್ಡವನ್ನು ಏರಿರಿ. ಒಂದು ಕಡೆಗೆ ನದಿ ಸಮುದ್ರವನ್ನು ಕೂಡುವುದೂ ಮತ್ತೊಂದು ಕಡೆಗೆ ನಡುಗಡ್ಡೆಗಳೂ ಅಲ್ಲಿಂದ ಕಾಣುತ್ತವೆ. ಅಜ್ಜಿಯು ಕೆಳಗಿನ ದಂಡೆಯಲ್ಲಿ ಕುಳಿತು ತೆರೆಗಳನ್ನು ನೋಡುತ್ತಿರಲಿ.