ಮರಳಿಗೆ ಎಷ್ಟು ಲೀಟರ್ ಎಂಜಿನ್ ಬೇಕು?

ಸಾಮಾನ್ಯವಾಗಿ ಹಲ್ಲಿ, ಹಾವು, ಜೀನು ಅಂತ ಮಾತಾಡೋ ನಾನು ಇವತ್ತು ಕಾರಿನ ಬಗ್ಗೆ ಮಾತಾಡ್ತೀನಿ. ಕಾರಣ, ಶಾರ್ಜಾದಲ್ಲಿರುವ ಒಬ್ಬ ಕೇಳುಗರು ಕಳಿಸಿದ ಪತ್ರ. ಅವರಿಗೆ ಎಂಟು ವರ್ಷದ ಮಗ ಇದ್ದಾನೆ. ಚಳಿಗಾಲದ ವಾರಾಂತ್ಯಗಳಲ್ಲಿ ಗೆಳೆಯರ ಜೊತೆ ಮರಳುಗಾಡಿಗೆ ಹೋಗಬೇಕು ಅಂತ ಆಸೆ. ಅವರ ಬಜೆಟ್ಟಿಗೆ ಎರಡು ಸೆಕೆಂಡ್ ಹ್ಯಾಂಡ್ ಪ್ರಾಡೋ ಸಿಗ್ತಿವೆ: ಕಡಿಮೆ ಓಡಿರೋ, ಒಬ್ಬರೇ ಇಟ್ಟುಕೊಂಡಿದ್ದ 2.7 ಲೀಟರ್ ನಾಲ್ಕು ಸಿಲಿಂಡರ್ ಒಂದು; ಅದಕ್ಕಿಂತ ಹಳೆಯ, ಎರಡು ಲಕ್ಷ ಕಿಲೋಮೀಟರ್ ದಾಟಿದ 4.0 ಲೀಟರ್ ವಿ6 ಇನ್ನೊಂದು. ಗೆಳೆಯರೆಲ್ಲ "ನಾಲ್ಕು ಲೀಟರ್ ಇಲ್ಲದೆ ನಮ್ಮ ಜೊತೆ ಬರಬೇಡ" ಅಂದಿದ್ದಾರಂತೆ. ಹೆಂಡತಿ ಮಾತ್ರ, "ಮಗುವನ್ನ ಕೂರಿಸ್ಕೊಂಡು ಹೋಗೋದು ತಾನೇ, ಯಾವುದು ಸುರಕ್ಷಿತವೋ ಅದನ್ನ ತಗೊಳ್ಳಿ" ಅಂದ್ರಂತೆ. ಪತ್ರದ ಕೊನೆಗೆ, "ಸರ್, ನೀವು ಮರಳುಗಾಡಿನಲ್ಲೇ ಕೆಲಸ ಮಾಡೋರು, ವಿಜ್ಞಾನದ ಪ್ರಕಾರ ಹೇಳಿ" ಅಂತ ಬರೆದಿದ್ದಾರೆ.

ನಾನು ಮೆಕ್ಯಾನಿಕ್ ಅಲ್ಲ. ಆದ್ರೆ ಮರಳಿನಲ್ಲಿ ಓಡಾಡೋ ಪ್ರಾಣಿಗಳ ಹಿಂದೆ ಕೆಲವು ವರ್ಷ ಅಲೆದವನು. ಒಮ್ಮೆ ಚೆನ್ನಾಗಿ ಪಾಠ ಕಲಿತವನು ಕೂಡ. ಅದನ್ನೇ ಮೊದಲು ಹೇಳ್ತೀನಿ.

ಅಬುಧಾಬಿಯ ಸ್ವೈಹಾನ್ ಕಡೆ ಹಲ್ಲಿಗಳ ಸಮೀಕ್ಷೆಗೆ ಹೋಗಿದ್ದೆವು. ಜೂನ್ ತಿಂಗಳು. ನಮ್ಮ ಹತ್ತಿರ ಇದ್ದದ್ದು ಬಾಡಿಗೆಗೆ ತಂದ ಒಂದು ಕ್ರಾಸ್‌ಓವರ್, ಹಿಂದುಗಡೆ ಆಲ್ ವೀಲ್ ಡ್ರೈವ್ ಅನ್ನೋ ಬಿಲ್ಲೆ ಬೇರೆ. ಟಾರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ, ದಿಬ್ಬ ಅಂತ ಕರೆಯೋಕೂ ನಾಚಿಕೆಯಾಗುವ ಒಂದು ಏರಿನಲ್ಲಿ ಗಾಡಿ ನಿಂತಿತು. ನಾನು ಎಲ್ಲರೂ ಮಾಡೋದನ್ನೇ ಮಾಡಿದೆ: ಆಕ್ಸಿಲರೇಟರ್ ಒತ್ತಿದೆ. ಚಕ್ರ ಮರಳನ್ನ ಅಗೆದು ಗಾಡಿ ಹೊಟ್ಟೆಯ ಮೇಲೆ ಕೂತಿತು. ಗೇರ್‌ಬಾಕ್ಸ್ ಬಿಸಿಯಾಗಿದೆ ಅನ್ನೋ ದೀಪ ಹತ್ತಿತು. ನಾನು, ನನ್ನ ವಿದ್ಯಾರ್ಥಿನಿ, ಒಂದೂವರೆ ಲೀಟರ್ ನೀರು. ಬೆಳಿಗ್ಗೆ ಹತ್ತು ಗಂಟೆಗೇ ಬಿಸಿಲು ತಲೆ ಸೀಳ್ತಿತ್ತು.

ಸುಮಾರು ಎರಡು ಗಂಟೆಯ ಮೇಲೆ ಹತ್ತಿರದ ಒಂಟೆ ಫಾರ್ಮಿನ ಒಬ್ಬ ಕೆಲಸಗಾರ ಹಳೆಯ ಹೈಲಕ್ಸ್ ಪಿಕಪ್ಪಿನಲ್ಲಿ ಬಂದ. ಹಗ್ಗ ತೆಗೀತಾನೆ ಅಂದುಕೊಂಡೆ. ಆತ ಒಂದು ಮಾತೂ ಆಡದೆ ನಾಲ್ಕೂ ಟೈರಿನ ವಾಲ್ವಿಗೆ ಸಣ್ಣ ಕಲ್ಲು ಒತ್ತಿ ಗಾಳಿ ಬಿಟ್ಟ. ಚಕ್ರಗಳ ಮುಂದೆ, ಹೊಟ್ಟೆಯ ಕೆಳಗೆ ಕೈಯಿಂದಲೇ ಮರಳು ತೋಡಿದ. ಆಮೇಲೆ "ರಿವರ್ಸ್, ನಿಧಾನ" ಅಂದ. ಗಾಡಿ ತಾನು ಬಂದ ಜಾಡಿನಲ್ಲೇ ತಾನಾಗಿ ಹಿಂದೆ ಸರಿದು ಹೊರಗೆ ಬಂತು. ಎಂಜಿನ್ ಅದೇ, ಮರಳೂ ಅದೇ. ಬದಲಾದದ್ದು ಟೈರಿನ ಗಾಳಿ ಮತ್ತು ನನ್ನ ಕಾಲಿನ ಆವೇಶ.

ಯಾಕೆ ಹೀಗಾಯ್ತು ಅಂತ ಈಗ ನೋಡೋಣ.

ಟಾರು ರಸ್ತೆಯಲ್ಲಿ ಗಾಡಿಯನ್ನ ಉರುಳಿಸಿಕೊಂಡು ಹೋಗೋಕೆ ಅದರ ತೂಕದ ಸುಮಾರು ನೂರಕ್ಕೆ ಒಂದೂವರೆ ಪಾಲಿನಷ್ಟು ಬಲ ಸಾಕು. ಮೆತ್ತನೆ ಮರಳಿನಲ್ಲಿ ಚಕ್ರ ಪ್ರತಿ ಕ್ಷಣವೂ ಮುಂದಿನ ಮರಳನ್ನ ಒತ್ತಿ, ತಳ್ಳಿ, ತಾನೇ ತೋಡಿದ ಗುಂಡಿಯಿಂದ ಹತ್ತುತ್ತಾ ಇರಬೇಕು. ಅಲ್ಲಿ ಬೇಕಾಗೋ ಬಲ ತೂಕದ ಕಾಲು ಭಾಗದವರೆಗೂ ಹೋಗಬಹುದು. ಮಕ್ಕಳು, ನೀರು, ಸಾಮಾನು ಸೇರಿ ಪ್ರಾಡೋ ತೂಕ 2,400 ಕಿಲೋ ಅಂತ ಇಟ್ಟುಕೊಳ್ಳೋಣ. ರಸ್ತೆಯಲ್ಲಿ ತಡೆ 36 ಕಿಲೋ. ಮರಳಿನಲ್ಲಿ 600 ಕಿಲೋ. ಸಮತಟ್ಟಾದ ಮರಳಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗ ಉಳಿಸಿಕೊಳ್ಳೋಕೇ ಚಕ್ರದ ಹತ್ತಿರ ಸುಮಾರು 88 ಹಾರ್ಸ್ ಪವರ್ ಬೇಕು. 15 ಡಿಗ್ರಿ ಏರು ಬಂತು ಅಂದ್ರೆ ಗುರುತ್ವದ ಹಿಂದೆಳೆತ ಇನ್ನೊಂದು 620 ಕಿಲೋ ಸೇರುತ್ತೆ. ಆಗ ಬೇಕಾಗೋದು ಸುಮಾರು 180.

ಈಗ ನಮ್ಮ ಕೇಳುಗರ ಎರಡು ಎಂಜಿನ್. 2.7 ಲೀಟರಿನದ್ದು ಕಾಗದದ ಮೇಲೆ ಸುಮಾರು 160 ಹಾರ್ಸ್ ಪವರ್, 4.0 ವಿ6 ಸುಮಾರು 270. ಕಾಗದದ ಮೇಲೆ ಅಂದದ್ದಕ್ಕೆ ಕಾರಣ ಇದೆ. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ದಾಟಿ ಚಕ್ರಕ್ಕೆ ಬರೋ ಹೊತ್ತಿಗೆ ಒಂದಿಷ್ಟು ಸೋರಿ ಹೋಗುತ್ತೆ. ಬಿಸಿ ಗಾಳಿ ತೆಳು. 25 ಡಿಗ್ರಿಯ ಬದಲು 45 ಡಿಗ್ರಿಯ ಗಾಳಿಯನ್ನ ಎಂಜಿನ್ ಎಳೆದುಕೊಂಡರೆ ಅದರಲ್ಲಿ ಆಮ್ಲಜನಕ ಸುಮಾರು ನೂರಕ್ಕೆ 6ರಷ್ಟು ಕಡಿಮೆ. ಎಸಿ ತನ್ನ ಪಾಲು ತಿನ್ನುತ್ತೆ. ಹೀಗೆ ಕಳೆದು ನೋಡಿದ್ರೆ ಚಿಕ್ಕದಕ್ಕೆ ಉಳಿಯೋದು ಸುಮಾರು 120, ದೊಡ್ಡದಕ್ಕೆ 200ರ ಆಸುಪಾಸು. ಅದೂ ಎಂಜಿನ್ ಪೂರ್ತಿ ಕೂಗ್ತಾ ಇದ್ದಾಗ. ಗೆಳೆಯರು ಹೇಳಿದ್ದು ಸರಿ ಅನ್ನಿಸುತ್ತೆ, ಅಲ್ವಾ?

ಸ್ವಲ್ಪ ತಡೀರಿ. ಈ ಲೆಕ್ಕ ರಸ್ತೆಯ ಗಾಳಿ ತುಂಬಿಕೊಂಡೇ ಮರಳಿಗೆ ಇಳಿದ ಗಾಡಿಯದ್ದು.

ಟೈರ್ ನೆಲವನ್ನ ಒತ್ತುವ ಒತ್ತಡ ಹೆಚ್ಚುಕಡಿಮೆ ಒಳಗಿರೋ ಗಾಳಿಯ ಒತ್ತಡದಷ್ಟೇ. 35 ಪಿಎಸ್‌ಐನಿಂದ 15ಕ್ಕೆ ಇಳಿಸಿದ್ರೆ ಅದೇ ತೂಕ ಸುಮಾರು ಎರಡು ಪಟ್ಟು ಜಾಗದ ಮೇಲೆ ಹರಡುತ್ತೆ. ಗಮನಿಸಬೇಕಾದ್ದು, ಟೈರ್ ಅಗಲವಾಗೋದು ಸ್ವಲ್ಪ, ನೆಲಕ್ಕೆ ತಾಗುವ ಭಾಗ ಉದ್ದವಾಗೋದು ಬಹಳ. ಚಕ್ರ ಚಿಕ್ಕ ಟ್ಯಾಂಕ್ ಪಟ್ಟಿಯ ಹಾಗೆ ಆಗುತ್ತೆ. ಕಡಿಮೆ ಹೂಳುತ್ತೆ, ಮುಂದೆ ತಳ್ಳಬೇಕಾದ ಮರಳಿನ ಗುಡ್ಡೆ ಸಣ್ಣದಾಗುತ್ತೆ. ತಡೆ ಕಾಲು ಭಾಗದಿಂದ ನೂರಕ್ಕೆ 15ಕ್ಕೆ ಇಳೀತು ಅಂತ ಲೆಕ್ಕಕ್ಕೆ ಹಿಡಿದರೆ, ಸಮತಟ್ಟಿನಲ್ಲಿ 88 ಬೇಕಿದ್ದ ಜಾಗದಲ್ಲಿ 53 ಸಾಕು, ಏರಿನಲ್ಲಿ 180 ಇದ್ದದ್ದು 145. ಒಂದು ರೂಪಾಯಿ ಖರ್ಚಿಲ್ಲದೆ 35 ಹಾರ್ಸ್ ಪವರ್ ಸಿಕ್ಕಿತು. ಇನ್ನೂ ಒಂದಿದೆ: ಶಕ್ತಿ ಅಂದ್ರೆ ಬಲ ಗುಣಿಸು ವೇಗ. ಅದೇ ಏರನ್ನ 40ರ ಬದಲು 30ರ ವೇಗದಲ್ಲಿ ಹತ್ತಿದ್ರೆ 145ರ ಬದಲು ಸುಮಾರು 109 ಸಾಕು. ಚಿಕ್ಕ ಎಂಜಿನ್ನಿನ 120ರ ಒಳಗೆ ಬಂತು ನೋಡಿ.

ಆದ್ರೆ 30ರ ವೇಗದಲ್ಲಿ ಎಂಜಿನ್ ಅಷ್ಟು ಜೋರಾಗಿ ತಿರುಗಬೇಕಲ್ಲ? ಅದಕ್ಕೇ ಲೋ ರೇಂಜ್ ಇರೋದು. ಟ್ರಾನ್ಸ್‌ಫರ್ ಕೇಸ್ ಅನ್ನೋ ಎರಡನೇ ಗೇರ್‌ಪೆಟ್ಟಿಗೆ ಚಕ್ರಕ್ಕೆ ಹೋಗುವ ಟಾರ್ಕನ್ನ ಎರಡರಿಂದ ಎರಡೂವರೆ ಪಟ್ಟು ಮಾಡುತ್ತೆ, ವೇಗವನ್ನ ಅಷ್ಟೇ ಪಟ್ಟು ಇಳಿಸುತ್ತೆ. ನನ್ನ ಬಾಡಿಗೆ ಗಾಡಿಯಲ್ಲಿ ಇದು ಇರಲಿಲ್ಲ. ಹಾಗಾಗಿ ನನ್ನ ಮೊದಲ ಮಾತು: ಲೀಟರ್ ಆಮೇಲೆ ನೋಡಿ, ಮೊದಲು ಲೋ ರೇಂಜ್ ಇದೆಯೋ ಇಲ್ಲವೋ ನೋಡಿ. ಇಲ್ಲದ ಗಾಡಿ ಎಷ್ಟೇ ದೊಡ್ಡ ಎಂಜಿನ್ನಿನದ್ದಾಗಲಿ, ದಿಬ್ಬಗಳಿಗೆ ಬೇಡ. ಕ್ಯಾಂಪಿಂಗಿಗೆ ಅಂತ ಗಟ್ಟಿ ಜಾಡಿನಲ್ಲಿ ಒಂದು ಕಿಲೋಮೀಟರ್ ಹೋಗೋದು ಬೇರೆ ವಿಷಯ.

ಇಲ್ಲಿ ನನ್ನ ಹಾವು ಬರಬೇಕು, ಕ್ಷಮಿಸಿ. ಅಮೆರಿಕದ ಜಾರ್ಜಿಯಾ ಟೆಕ್‌ನ ಡೇನಿಯಲ್ ಗೋಲ್ಡ್‌ಮನ್ ಮತ್ತು ಸಂಗಡಿಗರು 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಪಕ್ಕಕ್ಕೆ ಹೊರಳುತ್ತಾ ಸಾಗುವ ಸೈಡ್‌ವೈಂಡರ್ ಹಾವನ್ನ ಮರಳಿನ ಇಳಿಜಾರಿನ ಮೇಲೆ ಬಿಟ್ಟು ನೋಡಿದ್ರು. ಏರು ಕಡಿದಾದಷ್ಟೂ ಹಾವು ತನ್ನ ಮೈಯ ಹೆಚ್ಚು ಉದ್ದವನ್ನ ಮರಳಿಗೆ ತಾಗಿಸ್ತಾ ಹೋಗುತ್ತೆ. ಜೋರಾಗಿ ತಳ್ಳೋದಲ್ಲ, ಹೆಚ್ಚು ಜಾಗ ಹಿಡಿಯೋದು. ಕಾರಣ ಇಷ್ಟೇ: ಮರಳು ಒಂದು ಮಿತಿಯವರೆಗೆ ಘನವಸ್ತುವಿನ ಹಾಗೆ ನಿಲ್ಲುತ್ತೆ, ಮಿತಿ ದಾಟಿ ತಳ್ಳಿದ್ರೆ ನೀರಿನ ಹಾಗೆ ಹರಿದುಬಿಡುತ್ತೆ. ಆ ಮಿತಿಯನ್ನ ದಾಟಿಸೋಕೆ ಹಾವಿನ ಬಾಲವೂ ಸಾಕು, 400 ಹಾರ್ಸ್ ಪವರಿನ ವಿ8 ಕೂಡ ಸಾಕು. ಒಂಟೆಯ ಪಾದವೂ ಇದೇ ಕಥೆ, ಎರಡು ಬೆರಳಿನ ಕೆಳಗೆ ಕೊಬ್ಬು ತುಂಬಿದ ಅಗಲವಾದ ಮೆತ್ತೆ, ಹೆಜ್ಜೆ ಊರಿದಾಗ ಹರಡಿಕೊಳ್ಳುತ್ತೆ. ನಮ್ಮೂರಲ್ಲಿ ಕೆಸರುಗದ್ದೆಗೆ ಇಳಿಸೋ ಟ್ರ್ಯಾಕ್ಟರಿಗೆ ಕಬ್ಬಿಣದ ಅಗಲ ಚಕ್ರ ಹಾಕ್ತಾರಲ್ಲ, ಅದನ್ನ ನೋಡಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಈ ಮರ್ಮವನ್ನ ಕಾರಿಗೆ ಹೊಂದಿಸಿಕೊಂಡವರಲ್ಲಿ ರಾಲ್ಫ್ ಬ್ಯಾಗ್ನಾಲ್ಡ್ ಅನ್ನೋ ಬ್ರಿಟಿಷ್ ಸೇನಾಧಿಕಾರಿ ದೊಡ್ಡ ಹೆಸರು. 1930ರ ಹೊತ್ತಿಗೆ ಈಜಿಪ್ಟ್ ಮತ್ತು ಲಿಬಿಯಾದ ನಡುವಿನ ಮರಳು ಸಮುದ್ರಕ್ಕೆ ಫೋರ್ಡ್ ಮಾಡೆಲ್ ಎ ಕಾರುಗಳನ್ನ ನುಗ್ಗಿಸಿದವರು ಅವರು. ಆ ಕಾರಿನ ಎಂಜಿನ್ 3.3 ಲೀಟರ್, ಶಕ್ತಿ ಬರೀ 40 ಹಾರ್ಸ್ ಪವರ್, ಫೋರ್ ವೀಲ್ ಡ್ರೈವ್ ಅನ್ನೋದೇ ಇಲ್ಲ. ಟೈರಿನ ಗಾಳಿ ಇಳಿಸಿದ್ರು, ಹೂತರೆ ಚಕ್ರದಡಿ ಹಾಕೋಕೆ ಉಕ್ಕಿನ ಹಲಗೆ ಒಯ್ದರು, ಎಲ್ಲಕ್ಕಿಂತ ಹೆಚ್ಚಾಗಿ ಮರಳನ್ನ ಓದೋದು ಕಲಿತರು. ಗಾಳಿ ಬೀಸುವ ಕಡೆಯ ಇಳಿಜಾರಿನಲ್ಲಿ ಕಣಗಳು ಒಂದೊಂದಾಗಿ ಬಡಿದು ಒತ್ತಾಗಿ ಕೂತಿರ್ತವೆ, ಅದು ಗಟ್ಟಿ. ಆಚೆ ಬದಿಯಲ್ಲಿ ಮರಳು ಸುರಿದು ಜಾರಿ 32ರಿಂದ 34 ಡಿಗ್ರಿ ಕೋನದಲ್ಲಿ ನಿಂತಿರುತ್ತೆ, ಅದು ಸಡಿಲ. ಮುಂದೆ 1941ರಲ್ಲಿ ಅವರು ಬರೆದ 'ದ ಫಿಸಿಕ್ಸ್ ಆಫ್ ಬ್ಲೋನ್ ಸ್ಯಾಂಡ್ ಅಂಡ್ ಡೆಸರ್ಟ್ ಡ್ಯೂನ್ಸ್' ಪುಸ್ತಕವನ್ನ ಮರಳಿನ ಬಗ್ಗೆ ಕೆಲಸ ಮಾಡೋರು ಈಗಲೂ ತಿರುವಿ ಹಾಕ್ತಾರೆ. ನನ್ನ ಮೇಜಿನ ಮೇಲೂ ಒಂದು ಪ್ರತಿ ಇದೆ, ಸಮೀಕರಣಗಳ ಪುಟಗಳನ್ನ ಬಿಟ್ಟು ಓದಿದ್ದೀನಿ.

ಹಾಗಾದ್ರೆ ದೊಡ್ಡ ಎಂಜಿನ್ ಬರೀ ಜಂಬವಾ? ಅಲ್ಲ. ಇಲ್ಲೇ ಸುರಕ್ಷತೆಯ ಪ್ರಶ್ನೆ ಬರೋದು, ಅದು ನಾನು ಅಂದುಕೊಂಡದ್ದಕ್ಕಿಂತ ತಿರುವುಮುರುವು.

ಶಕ್ತಿ ಸಾಲದ ಗಾಡಿ ಏರನ್ನ ಹತ್ತೋದು ಓಟದ ರಭಸದಿಂದ. 40 ಕಿಲೋಮೀಟರ್ ವೇಗದಲ್ಲಿ ದಿಬ್ಬದ ಬುಡಕ್ಕೆ ಬಂದ ಗಾಡಿ, ಎಂಜಿನ್ ಕೆಲಸವೇ ಮಾಡದಿದ್ರೂ, ನಾವು ಲೆಕ್ಕಕ್ಕೆ ಹಿಡಿದ ಏರಿನಲ್ಲಿ ಸುಮಾರು 4 ಮೀಟರ್ ಎತ್ತರ ಹತ್ತುತ್ತೆ. 60ರಲ್ಲಿ ಬಂದ್ರೆ 9 ಮೀಟರ್. ವೇಗ ಒಂದೂವರೆ ಪಟ್ಟಾದ್ರೆ ಎತ್ತರ ಎರಡು ಪಟ್ಟಿಗಿಂತ ಹೆಚ್ಚು. ಆದ್ದರಿಂದ ಚಿಕ್ಕ ಎಂಜಿನ್ನಿನವರು, ಅದರಲ್ಲೂ ದೊಡ್ಡ ಗಾಡಿಗಳ ಗುಂಪಿನ ಜೊತೆ ಹೋದವರು, ಬುಡದಲ್ಲೇ ಹೆಚ್ಚು ವೇಗ ತಗೊಳ್ತಾರೆ. ನೆತ್ತಿಯ ಆಚೆ ಏನಿದೆ ಅಂತ ಕಾಣಲ್ಲ. ಸ್ವಲ್ಪ ಹೆಚ್ಚಾದ್ರೂ ಗಾಡಿ ಹಾರಿ ಆ 33 ಡಿಗ್ರಿಯ ಜಾರುಬದಿಗೆ ಮೂತಿ ಬಡಿಯುತ್ತೆ, ಆಚೆ ನಿಂತಿರೋ ಇನ್ನೊಂದು ಗಾಡಿಗೂ ಬಡಿಯಬಹುದು. ದೊಡ್ಡ ಎಂಜಿನ್ ಇದ್ದವರು ನಿಧಾನವಾಗಿ ಹತ್ತಿ, ನೆತ್ತಿಯ ಹತ್ತಿರ ಕಾಲು ಎತ್ತಿ, ಮೂತಿ ಆಚೆಗೆ ಬಾಗಿಸಿ ನೋಡಿ ಇಳಿಯಬಹುದು. ಮೀಸಲು ಶಕ್ತಿಯ ನಿಜವಾದ ಉಪಯೋಗ ಅದು. ಎಷ್ಟು ಜನ ಅದಕ್ಕೇ ಬಳಸ್ತಾರೆ ಅನ್ನೋದು ಬೇರೆ ಮಾತು.

ಎಂಜಿನ್ನಿಗಿಂತ ತೂಕಕ್ಕೆ ಎಷ್ಟು ಶಕ್ತಿ ಅಂತ ನೋಡೋದು ಒಳ್ಳೇದು. ಸುಜುಕಿ ಜಿಮ್ನಿ 1.5 ಲೀಟರ್, ಸುಮಾರು 100 ಹಾರ್ಸ್ ಪವರ್, ಕೇಳಿದವರು ನಗ್ತಾರೆ. ಆದ್ರೆ ತೂಕ 1,100 ಕಿಲೋ ಅಷ್ಟೇ. ಟನ್ನಿಗೆ 90ಕ್ಕೆ ಮೇಲೆ ಬಂತು. ಪ್ರಾಡೋ 2.7ಕ್ಕೆ ಟನ್ನಿಗೆ 75ರ ಆಸುಪಾಸು, ವಿ6ಗೆ 125ರಷ್ಟು. ಜೀಪ್ ರ‍್ಯಾಂಗ್ಲರ್ 3.6 ಮತ್ತು ನಿಸಾನ್ ಪೆಟ್ರೋಲ್ 5.6 ವಿ8 ಎರಡೂ 145ರ ಹತ್ತಿರ. ಪೆಟ್ರೋಲ್ 400 ಹಾರ್ಸ್ ಪವರಿನದ್ದು, ಆದ್ರೆ ಎರಡೂಮುಕ್ಕಾಲು ಟನ್. ಅದು ಹೂತರೆ ಎಳೆಯೋಕೆ ಅಂಥದ್ದೇ ಇನ್ನೊಂದು ಬೇಕು. ಜಿಮ್ನಿ ಹೂತರೆ ನಾಲ್ಕು ಜನ ಸೇರಿ ನೂಕಬಹುದು. ಎಂಟು ವರ್ಷದ ಮಗ, ನೀರು, ಟೆಂಟು ಎಲ್ಲ ಹಿಡಿಸಬೇಕಾದ ಸಂಸಾರಕ್ಕೆ ಮಾತ್ರ ಜಿಮ್ನಿ ಇಕ್ಕಟ್ಟು.

ಉಳಿದದ್ದು ಬೇಗ ಹೇಳ್ತೀನಿ. 20 ಇಂಚಿನ ಮಿರುಗುವ ರಿಮ್ ಇದ್ರೆ ಬದಲಿಸಿ 17 ಅಥವಾ 18ಕ್ಕೆ ಬನ್ನಿ. ಟೈರಿನ ಗೋಡೆ ಎತ್ತರ ಇದ್ದರೇ ಗಾಳಿ ಇಳಿಸಿದಾಗ ಅದು ಹರಡೋದು. ಹತ್ತು ಪಿಎಸ್‌ಐಗಿಂತ ಇಳಿಸಿ ಜೋರಾಗಿ ತಿರುಗಿಸಿದ್ರೆ ಟೈರ್ ರಿಮ್ಮಿನಿಂದ ಕಳಚಿಕೊಳ್ಳುತ್ತೆ. ಹಗ್ಗ ಕಟ್ಟೋದು ಚಾಸಿಗೆ ಬಿಗಿದ ಕೊಕ್ಕೆಗೆ ಮಾತ್ರ, ಟ್ರೈಲರ್ ಎಳೆಯೋ ಗುಂಡಿಗೆ ಎಂದೂ ಬೇಡ. ಅದು ಮುರಿದು ಹಾರಿ ಜನ ಸತ್ತಿದ್ದಾರೆ. ಒಂದೇ ಗಾಡಿಯಲ್ಲಿ ಹೋಗಬೇಡಿ. ವಾಪಸ್ ರಸ್ತೆಗೆ ಬಂದಾಗ ಗಾಳಿ ತುಂಬೋಕೆ ಕಂಪ್ರೆಸರ್ ಇರಲಿ. ಪೊದೆಗಳ ಬುಡದ ಸಣ್ಣ ದಿಬ್ಬಗಳ ಮೇಲೆ ಹತ್ತಿಸಬೇಡಿ, ಅಲ್ಲಿ ಇಲಿ, ಹಲ್ಲಿಗಳ ಬಿಲ ಇರುತ್ತೆ; ಇದು ನನ್ನ ಸ್ವಂತ ಕೋರಿಕೆ.

ಇನ್ನು ಶಾರ್ಜಾದವರಿಗೆ ಉತ್ತರ. ಲಿವಾದ ಎತ್ತರದ ದಿಬ್ಬಗಳಿಗೆ ವರ್ಷಕ್ಕೆ ನಾಲ್ಕೈದು ಸಲ ಹೋಗೋ ಯೋಜನೆ ಇದ್ರೆ ವಿ6 ಬೇಕೇ ಬೇಕು, ಆದ್ರೆ ನೀವು ಹೇಳಿದ ಗಾಡಿ ಅಲ್ಲ. ಎರಡು ಲಕ್ಷ ಓಡಿದ ಗಾಡಿಯ ರೇಡಿಯೇಟರ್, ಗೇರ್‌ಬಾಕ್ಸ್ ಎಣ್ಣೆ, ಕೂಲಿಂಗ್ ಹೋಸ್‌ಗಳು ಹೇಗಿವೆ ಅನ್ನೋದರ ಮೇಲೆ ಎಲ್ಲ ನಿಂತಿದೆ, ಮರಳಿನಲ್ಲಿ ಎಂಜಿನ್ ಸೋಲೋದು ಮೊದಲು ಬಿಸಿಗೆ. ಸರ್ವಿಸ್ ದಾಖಲೆ ಇಲ್ಲದಿದ್ರೆ ಮುಟ್ಟಬೇಡಿ. ನೀವು ಬರೆದ ಹಾಗೆ ಅಲ್ ಖುದ್ರಾ ಸುತ್ತಮುತ್ತ, ಫಾಸಿಲ್ ರಾಕ್ ಕಡೆಯ ಸಣ್ಣ ದಿಬ್ಬಗಳು, ಚಳಿಗಾಲದ ಬೆಳಿಗ್ಗೆ, ಮಗನ ಜೊತೆ ಅಂದ್ರೆ 2.7 ತಗೊಳ್ಳಿ. ಮಂಜು ಬಿದ್ದ ಬೆಳಿಗ್ಗೆ ಮರಳು ಸ್ವಲ್ಪ ಗಟ್ಟಿಯಾಗೂ ಇರುತ್ತೆ. ಗೆಳೆಯರ ಗುಂಪಿನಲ್ಲಿ ಎರಡನೆಯವರಾಗಿ ಹೋಗಿ, ಮುಂದಿನ ಗಾಡಿಯ ಜಾಡು ಹಿಡಿದು. ಅವರು ಹತ್ತಿದ ಏರು ನಿಮ್ಮ ಗಾಡಿಗೆ ಆಗದಿದ್ರೆ ಸುತ್ತು ಹಾಕಿ ಬರ್ತೀನಿ ಅಂತ ವಾಕಿಟಾಕಿಯಲ್ಲಿ ಹೇಳಿ. ಮೊದಲ ಎರಡು ಸಲ ಮಗನನ್ನ ಮನೆಯಲ್ಲೇ ಬಿಡಿ. ಮೂರನೇ ಸಲಕ್ಕೆ ಗಾಳಿ ನೋಡೋ ಗೇಜ್ ಅವನ ಕೈಗೆ ಕೊಡಿ, ನಾಲ್ಕೂ ಟೈರನ್ನ 15ಕ್ಕೆ ತರೋ ಕೆಲಸ ಅವನದ್ದು.