ಕುರ್ಚಿಯಲ್ಲಿ ಕುಳಿತವರ ಹೆಗಲೇಕೆ ನೋಯುತ್ತದೆ?

ಬೂದಿಗೆರೆ: ರಾಗಿ ಹೊಲ, ದ್ರಾಕ್ಷಿ ತೋಟಗಳ ಈ ಸೀಮೆಗೆ ವೈಟ್‌ಫೀಲ್ಡ್‌ನ ಕಂಪ್ಯೂಟರ್ ಕಚೇರಿಗಳು ದೂರವೇನಲ್ಲ. ಒಂದೇ ಮನೆಯಲ್ಲಿ ತಂದೆ ಗುದ್ದಲಿ ಹಿಡಿದರೆ ಮಗಳು ಕೀಲಿಮಣೆಯ ಮುಂದೆ ಕೂರುವುದು ಇಲ್ಲಿ ಅಪರೂಪವಲ್ಲ. ಸಂಜೆ ಇಬ್ಬರಿಗೂ ಹೆಗಲು ನೋಯುತ್ತದೆ. ತಂದೆಯ ನೋವನ್ನು ಯಾರೂ ಪ್ರಶ್ನಿಸುವುದಿಲ್ಲ. ‘ಕೂತು ಕೆಲಸ ಮಾಡುವವಳಿಗೆ ಎಂಥ ನೋವು’ ಎಂಬ ಮಾತು ಮಗಳ ಪಾಲಿಗೆ. ಎಕ್ಸ್‌-ರೇ ತೆಗೆಸಿದರೂ ಬಹಳಷ್ಟು ಸಲ ಅದರಲ್ಲಿ ಏನೂ ಕಾಣದು. ಎಕ್ಸ್‌-ರೇ ತೋರಿಸುವುದು ಮೂಳೆಯನ್ನು. ದಿನವಿಡೀ ದುಡಿದದ್ದು ಸ್ನಾಯು.

ಸ್ನಾಯುವಿನ ದುಡಿಮೆಯನ್ನು ಅಳೆಯುವ ವಿಧಾನಕ್ಕೆ ಎಲೆಕ್ಟ್ರೋಮಯೋಗ್ರಫಿ, ಸಂಕ್ಷಿಪ್ತವಾಗಿ ಇಎಂಜಿ ಎಂದು ಹೆಸರು. ಸ್ನಾಯು ಸಂಕುಚಿಸುವಾಗ ಅದರ ಎಳೆಗಳಲ್ಲಿ ಅತಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತದೆ. ಚರ್ಮದ ಮೇಲೆ ಅಂಟಿಸಿದ ವಿದ್ಯುದ್ವಾರಗಳು ಅದನ್ನು ಗ್ರಹಿಸುತ್ತವೆ. ಸೂಜಿ ಚುಚ್ಚುವ ಅಗತ್ಯವಿಲ್ಲ.

ಕಚೇರಿ ನೌಕರರಲ್ಲಿ ಮುಖ್ಯವಾಗಿ ಅಳೆಯುವುದು ಕತ್ತಿನಿಂದ ಭುಜದವರೆಗೆ ಹರಡಿರುವ ಟ್ರೆಪೀಜಿಯಸ್ ಸ್ನಾಯುವಿನ ಮೇಲ್ಭಾಗವನ್ನು. ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಮೂಳೆಗೂ ಭುಜದ ತುದಿಯ ಮೂಳೆಗೂ ನಡುವೆ ಗೆರೆ ಎಳೆದು, ಅದರ ಮಧ್ಯದಲ್ಲಿ 20 ಮಿಲಿಮೀಟರ್ ಅಂತರದಲ್ಲಿ ಎರಡು ವಿದ್ಯುದ್ವಾರಗಳನ್ನು ಇಡುವುದು ಯುರೋಪಿನ ಸೆನಿಯಾಮ್ ಯೋಜನೆಯ ಶಿಫಾರಸು. ಅದಕ್ಕೆ ಮುನ್ನ ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಬೇಕು. ಇಷ್ಟಾದರೂ ತೊಡಕುಗಳಿವೆ. ಎಡ ಹೆಗಲಿನ ಸಂಕೇತದಲ್ಲಿ ಹೃದಯದ ಮಿಡಿತ ಬೆರೆಯುತ್ತದೆ. ಗೋಡೆಯ ತಂತಿಗಳ 50 ಹರ್ಟ್ಜ್ ವಿದ್ಯುತ್ತೂ ನುಸುಳುತ್ತದೆ.

ದೊರೆತ ಅಂಕಿಯನ್ನು ಹಾಗೆಯೇ ಓದುವಂತಿಲ್ಲ. ಚರ್ಮದಡಿಯ ಕೊಬ್ಬು ಹೆಚ್ಚಿದ್ದವರಲ್ಲಿ ಸಂಕೇತ ಕ್ಷೀಣಿಸುವುದರಿಂದ ಒಬ್ಬರ ಮೈಕ್ರೋವೋಲ್ಟನ್ನು ಇನ್ನೊಬ್ಬರದಕ್ಕೆ ಹೋಲಿಸಲಾಗದು. ಆದ್ದರಿಂದ ಮೊದಲು ವ್ಯಕ್ತಿ ತನ್ನೆಲ್ಲ ಬಲ ಹಾಕಿ ಭುಜ ಎತ್ತಬೇಕು. ಆ ಗರಿಷ್ಠ ಬಲದ ಶೇಕಡಾ ಎಷ್ಟು ಭಾಗ ಕೆಲಸದ ವೇಳೆ ಬಳಕೆಯಾಯಿತೆಂದು ಲೆಕ್ಕ ಹಾಕಲಾಗುತ್ತದೆ. ನೋವಿರುವವರು ಪೂರ್ಣ ಬಲ ಹಾಕಲಾರರು. ಅವರಿಗೆ ಎರಡೂ ತೋಳುಗಳನ್ನು ನೇರವಾಗಿ ಚಾಚಿ ಹಿಡಿಯುವ ಹಗುರ ಪರೀಕ್ಷೆಯೇ ಮಾನದಂಡ.

ಬೆರಳಚ್ಚಿಸುವಾಗ ಈ ಪ್ರಮಾಣ ಬಹಳ ಕಡಿಮೆ. ಅಚ್ಚರಿ ಇರುವುದೇ ಇಲ್ಲಿ. ಗುದ್ದಲಿ ಎತ್ತಿದಾಗ ಬಿಗಿಯುವ ಸ್ನಾಯು ಇಳಿಸಿದಾಗ ಸಡಿಲವಾಗುತ್ತದೆ, ರಕ್ತ ಹರಿಯುತ್ತದೆ. ಕೀಲಿಮಣೆಯ ಮುಂದೆ ಬಿಗಿತ ಅಲ್ಪ, ಆದರೆ ಬಿಡುವಿಲ್ಲ. ಸ್ವೀಡನ್ನಿನ ಬೆಂಗ್ಟ್ ಯಾನ್ಸನ್ 1970ರ ದಶಕದಲ್ಲೇ, ದಿನವಿಡೀ ಎಡೆಬಿಡದೆ ಇರುವ ಬಿಗಿತ ಗರಿಷ್ಠ ಬಲದ ಶೇ 2ನ್ನು ಮೀರಬಾರದು, ಶೇ 5ನ್ನು ಮೀರಲೇಕೂಡದು ಎಂದು ಸೂಚಿಸಿದ್ದರು.

ಇಷ್ಟು ಅಲ್ಪ ಬಲ ನೋವು ತರುವುದೇಕೆ? 1991ರಲ್ಲಿ ಯೋರಾನ್ ಹೆಗ್ ಮುಂದಿಟ್ಟ ವಿವರಣೆಗೆ ‘ಸಿಂಡ್ರೆಲಾ ಊಹೆ’ ಎಂದು ಹೆಸರು. ಸ್ನಾಯು ಬಿಗಿಯುವಾಗ ಸಣ್ಣ ಎಳೆಗಳ ಗುಂಪು ಮೊದಲು ಕೆಲಸಕ್ಕಿಳಿಯುತ್ತದೆ, ಕೊನೆಗೆ ವಿರಮಿಸುತ್ತದೆ. ನಮ್ಮಲ್ಲಾದರೆ ಕೋಳಿ ಕೂಗುವ ಮುನ್ನ ಎದ್ದು ಎಲ್ಲರೂ ಮಲಗಿದ ಮೇಲೆ ಒರಗುವ ಸೊಸೆಯ ಹೆಸರನ್ನೇ ಇಡಬಹುದಿತ್ತು. ಉಳಿದ ಎಳೆಗಳಿಗೆ ಸರದಿ ಬಾರದೆ ಈ ಕೆಲವೇ ಎಳೆಗಳು ಬಳಲುತ್ತವೆ.

ಆದಕಾರಣ ತಜ್ಞರು ಸ್ನಾಯುವಿನ ಕ್ಷಣಿಕ ಬಿಡುವುಗಳನ್ನೂ ಎಣಿಸುತ್ತಾರೆ. ಗರಿಷ್ಠದ ಶೇ 0.5ಕ್ಕಿಂತ ಕೆಳಗೆ ಕನಿಷ್ಠ 0.2 ಸೆಕೆಂಡ್ ಇಳಿದರೆ ಅದು ಒಂದು ಬಿಡುವು. 1990ರ ದಶಕದ ಆರಂಭದಲ್ಲಿ ನಾರ್ವೆಯಲ್ಲಿ ಪ್ಯಾಕಿಂಗ್ ಕೆಲಸದ ಮಹಿಳೆಯರನ್ನು ಪರೀಕ್ಷಿಸಿದಾಗ, ಮುಂದೆ ನೋವಿಗೆ ತುತ್ತಾದವರಲ್ಲಿ ಇಂಥ ಬಿಡುವುಗಳು ಮೊದಲೇ ಕಡಿಮೆ ಇದ್ದವು. ಕಚೇರಿ ನೌಕರರಲ್ಲಿ ಈ ನಂಟು ಅಷ್ಟು ಸ್ಪಷ್ಟವಾಗಿ ಕಂಡಿಲ್ಲ ಎಂಬುದನ್ನೂ ಹೇಳಬೇಕು. ಅವರಲ್ಲಿ ಮನಸ್ಸಿನ ಒತ್ತಡವೂ ಸೇರಿಕೊಳ್ಳುತ್ತದೆ: ಕೈ ಅಲುಗದಿದ್ದರೂ ಕಠಿಣ ಲೆಕ್ಕ ಕೊಟ್ಟರೆ ಟ್ರೆಪೀಜಿಯಸ್ ಬಿಗಿಯುವುದು ಪ್ರಯೋಗಗಳಲ್ಲಿ ದಾಖಲಾಗಿದೆ. ಬೆಂಗಳೂರಿನ ಡಾ. ದೀಪಕ್ ಶರಣ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ, ಭಾರತದ ಕಂಪ್ಯೂಟರ್ ವೃತ್ತಿಪರರ ಅಧ್ಯಯನವೂ ಭಂಗಿಯಾಚೆಗೆ ಕೆಲಸದ ಶೈಲಿಯನ್ನು, ಎಂದರೆ ವಿರಾಮವಿಲ್ಲದ ದುಡಿಮೆ ಮತ್ತು ಗಡುವಿನ ಒತ್ತಡದಂಥವನ್ನು ಪರಿಶೀಲಿಸಿತ್ತು.

ಇಎಂಜಿ ಅಳೆಯುವುದು ಸ್ನಾಯುವಿನ ಚಟುವಟಿಕೆಯನ್ನೇ ಹೊರತು ನೋವನ್ನಲ್ಲ. ಕತ್ತಿನ ಆಳದ ಸ್ನಾಯುಗಳು ಮೇಲಿನ ವಿದ್ಯುದ್ವಾರಕ್ಕೆ ಎಟುಕುವುದೂ ಇಲ್ಲ. ಹಾಗಾಗಿ ಗೆರೆ ಸಮತಟ್ಟಾಗಿ ಬಂದಿತೆಂದು ನೌಕರಳ ದೂರನ್ನು ತಳ್ಳಿಹಾಕಲಾಗದು. ಬದಲಾವಣೆಯ ಫಲವನ್ನು ನೋಡಲು ಮಾತ್ರ ಇದು ಒಳ್ಳೆಯ ಸಾಧನ. ಮುಂದೋಳುಗಳನ್ನು ಮೇಜಿನ ಮೇಲೆ ಊರಿದರೆ ಸಾಕು, ಪರದೆಯ ಮೇಲಿನ ಗೆರೆ ತಗ್ಗುವುದು ಸಾಮಾನ್ಯವಾಗಿ ಆ ಕ್ಷಣದಲ್ಲೇ ಕಾಣುತ್ತದೆ.