ಯೆಜ್ಡಿಗೆ ಜೊತೆಯಾಗಿ ಯಾವ ಬೈಕು?

ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸುತ್ತಿದ್ದ, ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಕೊನೆಗೆ ಹೊರಬಿದ್ದ ಬೈಕಿಗೂ ಈಗ ಮೂವತ್ತರ ಹತ್ತಿರದ ವಯಸ್ಸು. ಆದರೂ ಮೈಸೂರು, ಮಂಡ್ಯ, ಹಾಸನ, ಬೆಂಗಳೂರಿನ ಬೀದಿಗಳಲ್ಲಿ ಜೋಡಿ ಸೈಲೆನ್ಸರಿನ ಆ ಪಟಪಟ ಸದ್ದು ಇನ್ನೂ ಅಡಗಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ–ಯೆಜ್ಡಿ ದಿನವೆಂದು ಆಚರಿಸುವ ಅಭಿಮಾನಿಗಳು ಊರೂರಲ್ಲಿದ್ದಾರೆ. ಅಪ್ಪ ಕೊಂಡ ಯೆಜ್ಡಿ ರೋಡ್‌ಕಿಂಗನ್ನು ಮಗ ಓಡಿಸುತ್ತಿರುವ ಮನೆಗಳೂ ಕಡಿಮೆಯೇನಲ್ಲ.

ಇಂಥ ಮನೆಗಳಲ್ಲಿ ಈಗ ಒಂದು ಪ್ರಶ್ನೆ ಎದ್ದಿದೆ. ಹಳೆಯದನ್ನು ಮಾರುವ ಮಾತೇ ಇಲ್ಲ. ಆದರೆ ಗೋಕರ್ಣಕ್ಕೋ ಹಂಪಿಗೋ ಬೀದರಿಗೋ ಹೊರಡಬೇಕೆಂದರೆ ಅದರ ಮೇಲೆ ಪೂರ್ತಿ ಭಾರ ಹಾಕಲು ಮನಸ್ಸು ಹಿಂಜರಿಯುತ್ತದೆ. ಹಾಗಾದರೆ ದೂರದ ದಾರಿಗೆಂದೇ ಒಂದು ಹೊಸ ಬೈಕು ತಂದರೆ ಹೇಗೆ? ತಂದರೆ ಯಾವುದು?

ಶೋರೂಮಿಗೆ ಹೋದವರಲ್ಲಿ ಬಹಳಷ್ಟು ಮಂದಿ ಅಲ್ಲಿ ಇನ್ನೊಂದು ಯೆಜ್ಡಿಯನ್ನೇ ಹುಡುಕುತ್ತಾರೆ. ಅದೇ ದುಂಡು ದೀಪ, ಅದೇ ಉಬ್ಬಿದ ಟ್ಯಾಂಕು, ಅದೇ ಕ್ರೋಮಿನ ಹೊಳಪು. ಆ ಹುಡುಕಾಟ ಸಹಜವೇ. ಆದರೆ ಆ ಅಂದ ಮನೆಯಲ್ಲಿ ಈಗಾಗಲೇ ಇದೆಯಲ್ಲ! ಎರಡನೆಯ ಬೈಕನ್ನು ಆರಿಸಬೇಕಾದದ್ದು ಮೊದಲನೆಯದರ ಕೈಯಲ್ಲಿ ಆಗದ ಕೆಲಸಗಳಿಗೆ. ಆ ಕೆಲಸಗಳು ಯಾವುವೆಂದು ಮೊದಲು ತಿಳಿದುಕೊಂಡರೆ ಆಯ್ಕೆಯ ಅರ್ಧ ದಾರಿ ಸಾಗಿದಂತೆಯೇ.

ಘಟ್ಟದ ಇಳಿಜಾರಿನಿಂದ ಶುರು ಮಾಡೋಣ. ಯೆಜ್ಡಿಯದು 250 ಸಿ.ಸಿ. ವರ್ಗದ ಟೂ-ಸ್ಟ್ರೋಕ್ ಎಂಜಿನ್. ರೋಡ್‌ಕಿಂಗಿನ ಶಕ್ತಿ ಸುಮಾರು 16 ಅಶ್ವಶಕ್ತಿ. ಈ ಎಂಜಿನ್ನಿಗೆ ಬೇರೆ ಆಯಿಲ್ ಪಂಪಿಲ್ಲ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಒಳಗಿನ ಕ್ರ್ಯಾಂಕಿಗೂ ಪಿಸ್ಟನ್ನಿಗೂ ಜಿಡ್ಡು. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಇಳಿಯುವಾಗ ಸವಾರ ಆಕ್ಸಿಲರೇಟರ್ ಮುಚ್ಚಿಬಿಟ್ಟರೆ ಪೆಟ್ರೋಲು ಕಡಿಮೆಯಾಗುತ್ತದೆ, ಅದರೊಡನೆ ಎಣ್ಣೆಯೂ ಕಡಿಮೆಯಾಗುತ್ತದೆ. ಚಕ್ರ ಮಾತ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ. ಹಳೆಯ ಸವಾರರು ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಒಮ್ಮೆ ಆಕ್ಸಿಲರೇಟರ್ ತಿರುಚುವುದು ಇದೇ ಕಾರಣಕ್ಕೆ. ಟೂ-ಸ್ಟ್ರೋಕಿನಲ್ಲಿ ಎಂಜಿನ್ ಹಿಡಿತವೂ ಕಡಿಮೆ. ಹಾಗಾಗಿ ಇಳಿಯುವಾಗಿನ ಭಾರವೆಲ್ಲ ಡ್ರಮ್ ಬ್ರೇಕುಗಳ ಮೇಲೆ ಬೀಳುತ್ತದೆ. ಡ್ರಮ್ ಕಾದರೆ ಹಿಡಿತ ಸಡಿಲ, ಮಳೆನೀರು ಹೊಕ್ಕರೆ ಇನ್ನೂ ಸಡಿಲ. ಜೂನ್–ಜುಲೈನಲ್ಲಿ ಚಾರ್ಮಾಡಿ ಇಳಿಯುವ ಸವಾರನಿಗೆ ಕಾವು, ನೀರು ಎರಡೂ ಒಟ್ಟಿಗೇ ಎದುರಾಗುತ್ತವೆ.

ರಾತ್ರಿಯದು ಇನ್ನೊಂದು ಕಷ್ಟ. ಹಳೆಯ ಜಾವಾಗಳದು 6 ವೋಲ್ಟಿನ ವಿದ್ಯುತ್ ವ್ಯವಸ್ಥೆ. ಎಂಜಿನ್ ನಿಧಾನವಾದೊಡನೆ ದೀಪವೂ ಮಂಕಾಗುತ್ತದೆ. ಎದುರಿನಿಂದ ಬರುವ ಲಾರಿಯ ಬಿಳಿ ಎಲ್ಇಡಿ ಬೆಳಕಿನಲ್ಲಿ ರಸ್ತೆಯ ಅಂಚೇ ಮಾಯ.

ಇಷ್ಟು ಹೇಳಿದ್ದು ಯೆಜ್ಡಿಯನ್ನು ಹಳಿಯಲಿಕ್ಕಲ್ಲ. ಹೊಸದರಲ್ಲಿ ಏನಿರಬೇಕೆಂಬುದನ್ನು ಈ ಕೊರತೆಗಳೇ ಹೇಳಿಕೊಡುತ್ತವೆ: ಎಂಜಿನ್ ಹಿಡಿತ ಕೊಡುವ ಫೋರ್-ಸ್ಟ್ರೋಕ್, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು ಮತ್ತು ಎಬಿಎಸ್, ನಂಬಬಹುದಾದ ದೀಪ. ನಮ್ಮ ದೇಶದಲ್ಲಿ 125 ಸಿ.ಸಿ. ಮೀರಿದ ಎಲ್ಲ ಹೊಸ ಬೈಕುಗಳಿಗೂ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಆದರೆ ಕೆಲವು ಬೈಕುಗಳಲ್ಲಿ ಅದು ಮುಂದಿನ ಚಕ್ರಕ್ಕಷ್ಟೇ ಇರುತ್ತದೆ. ದೂರ ಹೋಗುವವರು ಎರಡೂ ಚಕ್ರಕ್ಕಿರುವ ಡ್ಯುಯಲ್ ಚಾನೆಲ್ಲನ್ನೇ ಕೇಳಿ ಪಡೆಯಬೇಕು.

ಇನ್ನು ವೇಗ. ಅಂಗಡಿಯವರು ಮೊದಲು ಹೇಳುವುದೂ ಅದನ್ನೇ, ಕೊಳ್ಳುವವರು ಮೊದಲು ಮರುಳಾಗುವುದೂ ಅದಕ್ಕೇ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ. ಎಷ್ಟು ಶಕ್ತಿಯ ಬೈಕಾದರೂ ಸರ್ವಿಸ್ ರಸ್ತೆಯಲ್ಲೇ ಸಾಗಬೇಕು. ಮಲೆನಾಡಿನ ರಸ್ತೆಗಳಲ್ಲಿ ಗಂಟೆಗೆ 60 ಕಿ.ಮೀ. ಸರಾಸರಿ ಬಂದರೆ ಅದೇ ಹೆಚ್ಚು. ವೇಗದ ಅಗತ್ಯ ನಿಜವಾಗಿ ಬೀಳುವುದು ತುಮಕೂರು, ಚಿತ್ರದುರ್ಗ, ದಾವಣಗೆರೆ ಹಾದು ಹುಬ್ಬಳ್ಳಿಯತ್ತ ಸಾಗುವ ಹೆದ್ದಾರಿಯಲ್ಲಿ. ಅಲ್ಲಿ ಕೂಡ ಬೇಕಿರುವುದು ತೊಂಬತ್ತರ ಆಸುಪಾಸಿನಲ್ಲಿ ನಡುಕವಿಲ್ಲದೆ ಗಂಟೆಗಟ್ಟಲೆ ಓಡುವ ಗುಣ, ಲಾರಿಯನ್ನು ದಾಟುವಾಗ ಕೈಕೊಡದ ಎಳೆತ. 20ರಿಂದ 40 ಅಶ್ವಶಕ್ತಿಯ ಬೈಕು ಇದಕ್ಕೆ ಧಾರಾಳ.

ಹೆಸರಿನ ಮೋಹವನ್ನೂ ಇಲ್ಲೇ ನೋಡಿಬಿಡಬೇಕು. ಜಾವಾ ಹೆಸರು 2018ರಲ್ಲಿ ಭಾರತದ ಮಾರುಕಟ್ಟೆಗೆ ಮರಳಿತು, ಯೆಜ್ಡಿ 2022ರ ಜನವರಿಯಲ್ಲಿ ಬಂತು. ಇವು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೊಸ ಯೆಜ್ಡಿ ಅಡ್ವೆಂಚರ್‌ನದು 334 ಸಿ.ಸಿ.ಯ ಲಿಕ್ವಿಡ್ ಕೂಲ್ಡ್ ಫೋರ್-ಸ್ಟ್ರೋಕ್ ಎಂಜಿನ್, ಶಕ್ತಿ 30 ಅಶ್ವಶಕ್ತಿಯ ಹತ್ತಿರ, ಟ್ಯಾಂಕು 15.5 ಲೀಟರ್. ಒಳ್ಳೆಯ ಬೈಕೇ. ಆದರೆ ಮೈಸೂರಿನ ಎಂಜಿನ್ನಿಗೂ ಇದಕ್ಕೂ ರಕ್ತಸಂಬಂಧವಿಲ್ಲ. ಗೇರ್ ಲಿವರನ್ನೇ ಮಡಚಿ ಕಿಕ್ ಮಾಡುವ ಆ ಹಳೆಯ ಜಾಣ್ಮೆ ಇದರಲ್ಲಿಲ್ಲ, ಎಣ್ಣೆ ಬೆರೆತ ನೀಲಿ ಹೊಗೆಯಿಲ್ಲ. ಟ್ಯಾಂಕಿನ ಮೇಲಿನ ಹೆಸರನ್ನು ಮುಚ್ಚಿ ಉಳಿದ ಬೈಕುಗಳ ಸಾಲಿನಲ್ಲಿ ನಿಲ್ಲಿಸಿ ನೋಡಿ; ಆಗಲೂ ಇಷ್ಟವಾದರೆ ಕೊಳ್ಳಿ.

ಆ ಸಾಲಿನಲ್ಲಿ ಮೊದಲು ನೋಡಬೇಕಾದದ್ದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450. 2023ರ ನವೆಂಬರ್‌ನಲ್ಲಿ ಬಂದ ಇದರ 452 ಸಿ.ಸಿ. ಎಂಜಿನ್ ಆ ಕಂಪನಿಯ ಮೊದಲ ಲಿಕ್ವಿಡ್ ಕೂಲ್ಡ್ ಎಂಜಿನ್. 40 ಅಶ್ವಶಕ್ತಿ, ಆರು ಗೇರು, 17 ಲೀಟರಿನ ಟ್ಯಾಂಕು, 230 ಮಿ.ಮೀ. ನೆಲದಂತರ. ಲೀಟರಿಗೆ 28 ಕಿ.ಮೀ. ಎಂದು ಹಿಡಿದರೂ ಒಂದು ಟ್ಯಾಂಕಿಗೆ 450 ಕಿ.ಮೀ. ದಾಟುತ್ತದೆ. ಹಾಳಾದ ರಸ್ತೆ, ಕಾಫಿ ತೋಟದ ಮಣ್ಣಿನ ದಾರಿ, ಹೆದ್ದಾರಿ ಮೂರಕ್ಕೂ ಒಗ್ಗುವ ಬೈಕಿದು.

ಆದರೆ ಸೀಟು 825 ಮಿ.ಮೀ. ಎತ್ತರ, ತೂಕ 196 ಕೆ.ಜಿ. ರೋಡ್‌ಕಿಂಗಿನ ತೂಕ ಸುಮಾರು 140. ಈ ಐವತ್ತು ಚಿಲ್ಲರೆ ಕೆ.ಜಿ.ಯ ವ್ಯತ್ಯಾಸ ಓಡುವಾಗ ತಿಳಿಯುವುದೇ ಇಲ್ಲ. ಇಳಿಜಾರಿನ ಅಂಗಳದಿಂದ ಹಿಂದಕ್ಕೆ ತಳ್ಳುವಾಗ ತಿಳಿಯುತ್ತದೆ. ಎಂಬತ್ತರ ದಶಕದಲ್ಲಿ ಕಾಲೇಜಿಗೆ ಯೆಜ್ಡಿಯಲ್ಲಿ ಹೋದವರಿಗೆ ಈಗ ಅರವತ್ತರ ಆಚೀಚೆ ವಯಸ್ಸು, ಮಂಡಿಗೂ ಅಷ್ಟೇ ವಯಸ್ಸು. ಅಂಥವರಿಗೆ ರಾಯಲ್ ಎನ್‌ಫೀಲ್ಡ್‌ನದೇ ಮೀಟಿಯರ್ 350 ಹೆಚ್ಚು ಹೊಂದುತ್ತದೆ. ಅದರ ಸೀಟು 765 ಮಿ.ಮೀ.; ಎರಡೂ ಪಾದ ನೆಲಕ್ಕೆ ಪೂರ್ತಿ ಊರುತ್ತವೆ. 349 ಸಿ.ಸಿ., 20 ಅಶ್ವಶಕ್ತಿ, 15 ಲೀಟರಿನ ಟ್ಯಾಂಕು. ಆತುರವಿಲ್ಲದ ಬೈಕು. ಹಗುರವೇ ಬೇಕೆನ್ನುವವರಿಗೆ 167 ಕೆ.ಜಿ.ಯ ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಇದೆ. ಎಂಜಿನ್ 249 ಸಿ.ಸಿ. ಮಾತ್ರವಾದರೂ ಗಾಳಿ ತಡೆ, ನೇರ ಕೂರುವ ಭಂಗಿ ಎರಡೂ ಪಕ್ಕಾ ಟೂರಿಂಗಿನವು. ಆದರೆ ಅದರ ಸೀಟು 835 ಮಿ.ಮೀ., ಹಿಮಾಲಯನ್‌ಗಿಂತಲೂ ಎತ್ತರ. ರಾಯಲ್ ಎನ್‌ಫೀಲ್ಡ್‌ನ ಜೋಡಿ ಸಿಲಿಂಡರಿನ ಇಂಟರ್ಸೆಪ್ಟರ್ 650 ಹೆದ್ದಾರಿಯಲ್ಲಿ ಇವೆಲ್ಲಕ್ಕಿಂತ ನಯವಾಗಿ ಓಡುತ್ತದೆ. ಆದರೆ ಟ್ಯಾಂಕು 13.7 ಲೀಟರ್ ಮಾತ್ರ, ಗಾಳಿ ತಡೆಯೂ ಇಲ್ಲ, ತೂಕ 200 ಕೆ.ಜಿ. ಮೀರುತ್ತದೆ.

ಕೊಳ್ಳುವವರು ಕೇಳಲು ಮರೆಯುವ ಒಂದು ಸಂಗತಿ ಟಯರಿನದು. ಅಲಾಯ್ ಚಕ್ರದಲ್ಲಿ ಸಾಮಾನ್ಯವಾಗಿ ಟ್ಯೂಬ್‌ಲೆಸ್ ಟಯರ್ ಇರುತ್ತದೆ. ಮೊಳೆ ಚುಚ್ಚಿದರೆ ಸವಾರನೇ ರಸ್ತೆಬದಿಯಲ್ಲಿ ಪ್ಲಗ್ ಹಾಕಿ, ಪುಟ್ಟ ಪಂಪಿನಿಂದ ಗಾಳಿ ತುಂಬಿ ಹೊರಡಬಹುದು. ಕಡ್ಡಿ ಚಕ್ರಗಳಲ್ಲಿ ಹಲವಕ್ಕೆ ಟ್ಯೂಬು ಇರುತ್ತದೆ. ಪಂಕ್ಚರ್ ಆದರೆ ಚಕ್ರ ಬಿಚ್ಚಬೇಕು, ಟಯರ್ ಎಬ್ಬಿಸಬೇಕು. ಕೈಗಾ ಕಾಡಿನ ರಸ್ತೆಯಲ್ಲಿ ಸಂಜೆ ಆರಕ್ಕೆ, ಹಿಂದೆ ಹೆಂಡತಿಯನ್ನೋ ಮಗಳನ್ನೋ ಕೂರಿಸಿಕೊಂಡು ಹೊರಟವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಹಿಮಾಲಯನ್‌ಗೆ ಟ್ಯೂಬ್‌ಲೆಸ್ ಕಡ್ಡಿ ಚಕ್ರಗಳ ಆಯ್ಕೆ ಆಮೇಲೆ ಬಂತು. ಹೆಚ್ಚಿನ ಹಣ ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳುವುದು ಮೇಲು.

ಬೆಲೆಯ ಲೆಕ್ಕದಲ್ಲಿ ತೆರಿಗೆಯ ಗೆರೆಯೊಂದಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಬೈಕಿಗೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದನ್ನು ಮೀರಿದ್ದಕ್ಕೆ ಶೇ 40 ಆಯಿತು. ಮೀಟಿಯರ್, ವಿ-ಸ್ಟ್ರಾಮ್, ಯೆಜ್ಡಿ ಅಡ್ವೆಂಚರ್ ಗೆರೆಯ ಈಚೆ. ಹಿಮಾಲಯನ್, ಇಂಟರ್ಸೆಪ್ಟರ್ ಆಚೆ. ವರ್ಷಕ್ಕೆ ನಾಲ್ಕಾರು ಪ್ರವಾಸವಷ್ಟೇ ಮಾಡುವ ಮನೆಗೆ ಈಚೆಯ ಬೈಕು ಸಾಕು. ಉಳಿದ ದುಡ್ಡಿನಲ್ಲಿ ಒಳ್ಳೆಯ ಹೆಲ್ಮೆಟ್, ಜಾಕೆಟ್, ಮಳೆಯುಡುಪು ಬರುತ್ತವೆ.

ಮನೆಯಲ್ಲಿರುವುದು ಯೆಜ್ಡಿಯ ಬದಲು ಹಳೆಯ ಎರಕದ ಎಂಜಿನ್ನಿನ ಬುಲೆಟ್ ಆಗಿದ್ದರೆ ಎಚ್ಚರಿಕೆಯ ಮಾತೊಂದಿದೆ. ಆ ಬುಲೆಟ್ಟಿನ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಇಂದಿನ ಎಲ್ಲ ಬೈಕುಗಳಲ್ಲೂ ಇದು ಅದಲುಬದಲು. ದಿನನಿತ್ಯದ ಓಡಾಟದಲ್ಲಿ ತಲೆ ಇದನ್ನು ನೆನಪಿಟ್ಟುಕೊಳ್ಳುತ್ತದೆ. ಆದರೆ ದನವೋ ಮಗುವೋ ಅಡ್ಡ ಬಂದ ಕ್ಷಣದಲ್ಲಿ ತಲೆಗೆ ಮುಂಚೆ ಕಾಲು ಓಡುತ್ತದೆ, ಬ್ರೇಕೆಂದು ಗೇರನ್ನು ತುಳಿಯುತ್ತದೆ. ಎರಡನ್ನೂ ಇಟ್ಟುಕೊಳ್ಳುವವರು ಬೈಕು ಬದಲಿಸಿದ ದಿನವೆಲ್ಲ ಖಾಲಿ ಮೈದಾನದಲ್ಲೋ ಬಡಾವಣೆಯ ಒಳರಸ್ತೆಯಲ್ಲೋ ಹತ್ತು ನಿಮಿಷ ಬ್ರೇಕು ಹಿಡಿದು ಅಭ್ಯಾಸ ಮಾಡಿಯೇ ದೊಡ್ಡ ರಸ್ತೆಗೆ ಇಳಿಯಬೇಕು. ಯೆಜ್ಡಿಯವರಿಗೆ ಈ ತೊಂದರೆ ಇಲ್ಲ. ಅದರ ಗೇರು ಮೊದಲಿನಿಂದಲೂ ಎಡಕ್ಕೇ ಇದೆ.

ಹೊಸ ಬೈಕು ಬೇಡುವ ಆರೈಕೆಯೂ ಬೇರೆ. ಯೆಜ್ಡಿಯ ಚೈನು ಪೂರ್ತಿ ಮುಚ್ಚಿದ ಕವಚದೊಳಗೆ ಧೂಳು ಕಾಣದೆ ಬಾಳುತ್ತದೆ. ಹೊಸ ಬೈಕುಗಳ ಚೈನು ತೆರೆದೇ ಇರುತ್ತದೆ, ಐನೂರು ಕಿ.ಮೀ.ಗೊಮ್ಮೆಯಾದರೂ ಒರೆಸಿ ಎಣ್ಣೆ ಹಾಕಬೇಕು, ಮಳೆಯಲ್ಲಿ ಇನ್ನೂ ಬೇಗ. ಹಳೆಯದು ದಾರಿಯಲ್ಲಿ ನಿಂತರೆ ಪ್ಲಗ್ ಬದಲಿಸಿ, ಪಾಯಿಂಟ್ ಉಜ್ಜಿ ಹೊರಡಿಸಬಲ್ಲ ಮೆಕ್ಯಾನಿಕ್ ಚಿಕ್ಕ ಊರಲ್ಲೂ ಸಿಗಬಹುದು. ಬಿಡಿಭಾಗ ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆಯಿದೆ. ಫ್ಯೂಯಲ್ ಇಂಜೆಕ್ಷನ್ನಿನ ಬೈಕಿನಲ್ಲಿ ಸೆನ್ಸರ್ ಕೈಕೊಟ್ಟರೆ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಬೇಕು. ಆದ್ದರಿಂದ ಮುಂಗಡ ಕೊಡುವ ಮೊದಲು ನಿಮ್ಮ ತಾಲ್ಲೂಕಿನಲ್ಲಿ ಮಾತ್ರವಲ್ಲ, ನೀವು ಹೆಚ್ಚಾಗಿ ಹೋಗುವ ದಾರಿಯ ಊರುಗಳಲ್ಲೂ ಆ ಕಂಪನಿಯ ಸರ್ವಿಸ್ ಇದೆಯೇ ಎಂದು ವಿಚಾರಿಸಿ. ಹಿಂದೆ ಕೂರುವವರನ್ನು ಕೂರಿಸಿಕೊಂಡೇ ಟೆಸ್ಟ್ ರೈಡ್ ಮಾಡಿ. ಸೀಟಿನ ಬಗ್ಗೆ ಅವರ ತೀರ್ಪೇ ಕೊನೆಯದಾಗಲಿ.

ಹೊಸದು ಬಂದ ಮೇಲೆ ಹಳೆಯದಕ್ಕೆ ಒದಗುವ ದೊಡ್ಡ ಅಪಾಯವೆಂದರೆ ಸುಮ್ಮನೆ ನಿಲ್ಲುವುದು. ಈಗ ಬಂಕುಗಳಲ್ಲಿ ಸಿಗುವುದು ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪು, ವಾಷರ್‌ಗಳನ್ನು ಕೆಡಿಸುತ್ತದೆ. ತಿಂಗಳುಗಟ್ಟಲೆ ನಿಂತ ಬೈಕಿನ ಟ್ಯಾಂಕಿನ ತಳದಲ್ಲಿ ನೀರು ಸೇರಿ ತುಕ್ಕು ಹಿಡಿಯುತ್ತದೆ, ಕಾರ್ಬ್ಯುರೇಟರ್ ಕಟ್ಟುತ್ತದೆ. ವಾರಕ್ಕೊಮ್ಮೆ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ. ಮಳೆಗಾಲದಲ್ಲಿ ನಿಲ್ಲಿಸುವುದೇ ಆದರೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರ್ ಬರಿದು ಮಾಡಿ ನಿಲ್ಲಿಸಿ.

ಕಾಗದಪತ್ರವನ್ನೂ ಮರೆಯಬೇಡಿ. ಹದಿನೈದು ವರ್ಷ ತುಂಬಿದ ಬೈಕಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಬದಲಾಗದ ವಾಹನಕ್ಕೆ 20,000 ರೂಪಾಯಿ ಶುಲ್ಕ ಕಟ್ಟಿ ವಿಂಟೇಜ್ ನೋಂದಣಿ ಪಡೆಯಬಹುದು. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಉದ್ದೇಶಕ್ಕಷ್ಟೇ ರಸ್ತೆಗಿಳಿಸಬೇಕು, ದಿನಬಳಕೆ ಕೂಡದು. ಅರವತ್ತರ ದಶಕದ ಜಾವಾಗಳಿಗೆ ಆ ಅರ್ಹತೆ ಈಗಾಗಲೇ ಬಂದಿದೆ. 1978ರ ಮೊದಲ ರೋಡ್‌ಕಿಂಗ್‌ಗಳಿಗೆ 2028ರಲ್ಲಿ ಬರುತ್ತದೆ. ಭಾನುವಾರ ಬೆಳಗ್ಗೆ ಓಡಿಸುವ ಆಸೆಯಿದ್ದವರು ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಳ್ಳಬೇಕು. ಹೊಸ ಬೈಕಿಗೆ ಮುಂಗಡ ಕಟ್ಟುವ ವಾರವೇ ಹಳೆಯದರ ಆರ್‌ಸಿ ತೆಗೆದು ಅವಧಿ ಯಾವಾಗ ಮುಗಿಯುತ್ತದೆಂದು ನೋಡಿಕೊಳ್ಳಿ.